ಎಂಟು ಓಮಿನ ಪೆಟ್ಟಿಗೆ

ಹಿಂಗಾರಿನ ರಾಶಿ ಮುಗಿದು ಜಾತ್ರೆಗಳು ಮೊದಲಾದವೆಂದರೆ, ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಹಗಲಿಗೆ ತೇರು, ಇರುಳಿಗೆ ರಸಮಂಜರಿ ಎಂಬುದು ಈಚಿನ ವಾಡಿಕೆ. ಬಯಲಾಟದವರು ಕುಣಿಯುತ್ತಿದ್ದ ಅಟ್ಟದ ಮೇಲೆ ಈಗ ಕೀಬೋರ್ಡಿನವರೂ ಬೇಸ್ ಗಿಟಾರಿನವರೂ ನಿಲ್ಲುತ್ತಾರೆ. ಇದು ಒಳಿತೋ ಕೆಡುಕೋ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತುವದಿಲ್ಲ. ನಮ್ಮ ತಂಗಿಯ ಮಗನು ಅದರಿಂದಲೇ ಹೊಟ್ಟೆ ಹೊರೆಯುವವನಾದ ಕಾರಣ ನಮ್ಮ ಅಭಿಪ್ರಾಯವು ನಿಷ್ಪಕ್ಷಪಾತವಾಗಿರಲಾರದು.

ಆತನು ಬಾರಿಸುವದು ಬೇಸ್ ಗಿಟಾರು. ಅಮೆರಿಕೆಯ ಲಿಯೋ ಫೆಂಡರ್ ಎಂಬವನು 1951ರಲ್ಲಿ ಪೇಟೆಗೆ ತಂದ ವಾದ್ಯದ ವಂಶದ್ದು. ಅದರ ನಾಲ್ಕು ತಂತಿಗಳಲ್ಲಿ ಎಲ್ಲಕ್ಕೂ ದಪ್ಪನಾದದ್ದು ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುವದು. ಇಷ್ಟು ಮಂದ್ರವಾದ ನಾದವನ್ನು ಬಯಲಿನಲ್ಲಿ ಕುಳಿತ ಸಾವಿರ ಜನಕ್ಕೆ ಮುಟ್ಟಿಸಬೇಕಾದರೆ ಬಹಳ ಗಾಳಿಯನ್ನು ನೂಕಬೇಕಾಗುವದು. ಆದಕಾರಣ ಆತನ ಪೆಟ್ಟಿಗೆಯಲ್ಲಿ ಹತ್ತು ಇಂಚಿನ ನಾಲ್ಕು ಸ್ಪೀಕರುಗಳಿವೆ. ಒಂದೊಂದೂ ಎಂಟು ಓಮಿನದು, ಒಂದೊಂದೂ 60 ವಾಟು ತಾಳುವಂಥದು. ಕಳೆದ ಮಾಘಮಾಸದ ಒಂದು ರಾತ್ರಿ ಇವುಗಳಲ್ಲಿ ಎರಡು ಮೂಕವಾದವು. ಮೂರು ದಿನಗಳಲ್ಲಿ ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಕಾರ್ಯಕ್ರಮ. ಮುಂಗಡವನ್ನು ತೆಗೆದುಕೊಂಡಾಗಿತ್ತು, ಆ ಮುಂಗಡವು ಮಗಳ ಕಾಲೇಜಿನ ಫೀಗೆ ಹೋಗಿಯೂ ಆಗಿತ್ತು.

ಆತನು ಕೇಳಲು ಹೋದ ಅಂಗಡಿಯವನು ಪೆಟ್ಟಿಗೆಯನ್ನು ಬಿಚ್ಚಿಯೂ ನೋಡದೆ, ಎರಡೂ ಸುಟ್ಟಿವೆ, ಎಂಟು ಓಮಿನವು ನನ್ನಲ್ಲಿ ಇಲ್ಲ, ನಾಲ್ಕರವನ್ನು ಒಯ್ಯಿರಿ, ಎಲ್ಲವೂ ಒಂದೇ ಎಂದನಂತೆ. ಹುಡುಗನು ಅಲ್ಲಿಂದಲೇ ನಮಗೆ ಫೋನು ಮಾಡಿದನು.

"ಮಾವಾ, ಎಂಟರದು ಸಿಗವಲ್ದು. ನಾಕರದು ಐತಿ ಅಂತಾನ. ತರ್ಲೇನ್ರಿ?"

"ಏನೂ ಕೊಳ್ಳಬ್ಯಾಡ. ಮೊದಲು ಪೆಟ್ಟಿಗಿ ತಗೊಂಡು ಮನಿಗೆ ಬಾ" ಎಂದೆವು.

ಸಂಸ್ಕೃತದ ಮಾಸ್ತರಿಗೂ ಸ್ಪೀಕರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮ ಶಾಲೆಯಲ್ಲಿ ಮೈಕ್‌ಸೆಟ್ಟಿನ ಕಪಾಟಿನ ಕೀಲಿಯು ಇಪ್ಪತ್ತು ವರ್ಷ ನಮ್ಮ ಕೈಯಲ್ಲೇ ಇತ್ತು. ಕೆಟ್ಟದ್ದನ್ನು ಬಿಚ್ಚಿ ನೋಡುವ ಚಟವು ಆಗಲೇ ಅಂಟಿತು. ಇನ್ನು ಈ ಓಮ್ ಎಂಬುದು ಕಿವಿಗೆ ಪ್ರಣವದಂತೆ ಕೇಳಿಸಿದರೂ ಅದು ಜರ್ಮನಿಯ ಗೇಯಾರ್ಗ್ ಸೀಮೋನ್ ಓಮ್ ಎಂಬವನ ಹೆಸರು. ಆತನೂ ಶಾಲಾ ಮಾಸ್ತರನೇ. ಕಲೋನ್ ಪಟ್ಟಣದಲ್ಲಿ ಗಣಿತವನ್ನು ಕಲಿಸುತ್ತಿದ್ದು, ವಿದ್ಯುತ್ಪ್ರವಾಹದ ನಿಯಮವನ್ನು 1827ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಸ್ವದೇಶದ ಪಂಡಿತರು ಮೊದಲು ಮೂಗು ಮುರಿದರು. ಲಂಡನ್ನಿನ ರಾಯಲ್ ಸೊಸೈಟಿಯು 1841ರಲ್ಲಿ ಪದಕವಿತ್ತು ಗೌರವಿಸಿತು. ಮಾಸ್ತರರ ಮಾತಿಗೆ ಊರಲ್ಲಿ ಬೆಲೆ ಬರುವದು ಯಾವಾಗಲೂ ತಡವಾಗಿಯೇ.

ಪೆಟ್ಟಿಗೆಯ ಹಿಂದಿನ ಹಲಗೆಯನ್ನು ತೆಗೆದು ನೋಡಲಾಗಿ, ಎರಡೆರಡು ಸ್ಪೀಕರುಗಳನ್ನು ಒಂದರ ಹಿಂದೊಂದರಂತೆ ಜೋಡಿಸಿ ಎರಡು ಸರಪಳಿಗಳನ್ನು ಮಾಡಿದ್ದರು. ಆ ಎರಡು ಸರಪಳಿಗಳು ಅಕ್ಕಪಕ್ಕವಾಗಿ ಆಂಪ್ಲಿಫೈಯರಿಗೆ ಸೇರಿದ್ದವು. ಎಂಟು ಎಂಟು ಕೂಡಿ ಹದಿನಾರು. ಅಂಥ ಎರಡು ಹದಿನಾರು ಪಕ್ಕದಲ್ಲಿದ್ದರೆ ಮರಳಿ ಎಂಟು. ಗಂಗಾವತಿಯ ಗದ್ದೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಕಾಲುವೆಯ ಮೇಲೆ ಎರಡು ಗದ್ದೆಗಳಿದ್ದು, ಒಂದೆಡೆ ಕಾಲುವೆ ಮುಚ್ಚಿದರೆ ಎರಡಕ್ಕೂ ನೀರಿಲ್ಲ. ಹಾಗೆಯೇ ಒಂದು ಸ್ಪೀಕರಿನ ಕಾಯಿಲು ಸುಟ್ಟು ಹರಿದರೆ, ಅದರ ಜೊತೆಗಾರನು ಗಟ್ಟಿಯಾಗಿದ್ದರೂ ಮೂಕನಾಗುವನು. ತಂತಿಗಳನ್ನು ಬಿಡಿಸಿ, ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲನ್ನು ಎರಡಕ್ಕೂ ಮುಟ್ಟಿಸಿದೆವು. ಒಂದು 'ಟಪ್' ಎಂದಿತು, ಇನ್ನೊಂದು ಸುಮ್ಮನಿತ್ತು. ಕೆಟ್ಟದ್ದು ಎರಡಲ್ಲ, ಒಂದೇ.

"ಹಂಗಾರ ನಾಕರದು ಒಂದ ಹಾಕಿದ್ರ ಸಾಕಲ್ರೀ" ಎಂದನು ಹುಡುಗ. ಇಲ್ಲಿಯೇ ನಿಜವಾದ ಅಪಾಯವಿದ್ದದ್ದು. ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆವು. ಆಂಪ್ಲಿಫೈಯರು 40 ವೋಲ್ಟು ಕೊಡುವದೆಂದು ಇಟ್ಟುಕೊಳ್ಳೋಣ. ನಾಲ್ಕೂ ಎಂಟರವಾಗಿದ್ದಾಗ ಪೆಟ್ಟಿಗೆಗೆ 200 ವಾಟು, ತಲೆಗೆ 50. ಒಂದನ್ನು ತೆಗೆದು ನಾಲ್ಕರದನ್ನು ಹಾಕಿದೊಡನೆ ಆ ಸರಪಳಿಯು ಹದಿನಾರರಿಂದ ಹನ್ನೆರಡಕ್ಕೆ ಇಳಿದು, ಅದರೊಳಗಿನ ಪ್ರವಾಹವು ಎರಡೂವರೆ ಆಂಪಿಯರಿನಿಂದ ಸುಮಾರು 3.3ಕ್ಕೆ ಏರುವದು. ಆಗ ಹೊಸಬನ ಪಾಲಿಗೆ ಬರುವದು ಸುಮಾರು 44 ವಾಟು. ಅದರ ಜೊತೆಗಿರುವ ಹಳಬನ ಪಾಲಿಗೆ 89! ಅರವತ್ತು ತಾಳುವವನ ಮೇಲೆ ತೊಂಬತ್ತರ ಹೊರೆ. ತಪ್ಪು ಜೋಡಿಯನ್ನು ತಂದವನು ಸುಖವಾಗಿರುವನು, ಏನೂ ಅರಿಯದವನು ಸುಡುವನು. ಹುಡುಗನು ಆ 89ರ ಸುತ್ತ ಪೆನ್ಸಿಲಿನಿಂದ ಎರಡು ಸಲ ಗೆರೆ ಎಳೆದನು.

ಎಂಟು ಓಮ್ ಎಂದು ಬರೆದಿರುವದು ಬರಿಯ ರೋಧವಲ್ಲ, ಇಂಪೀಡೆನ್ಸು. ಆಲಿವರ್ ಹೆವಿಸೈಡ್ ಎಂಬ ಆಂಗ್ಲನು 1886ರಲ್ಲಿ ಈ ಶಬ್ದವನ್ನು ಹುಟ್ಟಿಸಿದನು, ನಾವು ಪ್ರತಿಬಾಧೆಯೆನ್ನುತ್ತೇವೆ. ಸ್ವರವು ಏರಿಳಿದಂತೆ ಇದೂ ಏರಿಳಿಯುವದು. ಮೀಟರು ಹಿಡಿದರೆ ಎಂಟರ ಸ್ಪೀಕರು ಆರರ ಆಸುಪಾಸು ತೋರಿಸುವದನ್ನು ಕಂಡು, ಮೋಸವಾಯಿತೆಂದು ಯಾರೂ ಅಂಗಡಿಗೆ ಜಗಳಕ್ಕೆ ಹೋಗಬಾರದು.

ಯಲಬುರ್ಗಾದ ಕಾರ್ಯಕ್ರಮಕ್ಕೆ ಮೂಕ ಸರಪಳಿಯನ್ನು ಪೂರ್ತಿ ಕಳಚಿ, ಉಳಿದ ಎರಡರ ಮೇಲೆಯೇ ಕಳಿಸಿದೆವು. ಪೆಟ್ಟಿಗೆಯು ಹದಿನಾರು ಓಮಿನದಾಗಿ ಅರ್ಧ ಶಕ್ತಿಯನ್ನಷ್ಟೇ ಎಳೆಯಿತು. ಒಂದೊಂದು ಸ್ಪೀಕರಿಗೆ ಮೊದಲಿನ ಐವತ್ತೇ. ಟ್ರಾನ್ಸಿಸ್ಟರಿನ ಆಂಪ್ಲಿಫೈಯರಾದ್ದರಿಂದ ಇದು ನಡೆಯಿತು. ಹಳೆಯ ವಾಲ್ವಿನದಾಗಿದ್ದರೆ ಅದರ ಟ್ರಾನ್ಸ್‌ಫಾರ್ಮರು ಹೇಳಿದಷ್ಟೇ ಓಮನ್ನು ಕೊಡಬೇಕು. ಅಲ್ಲಿ ಈ ಉಪಾಯವನ್ನು ಮಾಡಕೂಡದು. ನಾಲ್ಕನ್ನೂ ಅಕ್ಕಪಕ್ಕ ಕಟ್ಟಿ ಎರಡು ಓಮಿಗೆ ಇಳಿಸುವವರೂ ಇದ್ದಾರೆ. ಬಹಳಷ್ಟು ಆಂಪ್ಲಿಫೈಯರುಗಳು ಅದನ್ನು ತಾಳಲಾರವು.

ಓಮು ಹೊಂದಿದರೆ ಸಾಕೇ ಎಂದರೆ, ಸಾಲದು. ಕೋನಿನ ತೂಕ, ಅದರ ಬಿಗಿ, ಪೆಟ್ಟಿಗೆಯ ಒಳಗಿನ ಗಾಳಿಯ ಅಳತೆ, ಇವು ಒಂದಕ್ಕೊಂದು ಹೊಂದಬೇಕೆಂಬುದನ್ನು ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿಯೂ, ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲಲ್ಲಿಯೂ ಗಣಿತದಿಂದ ತೋರಿಸಿಕೊಟ್ಟರು. ಡಗ್ಗಾದ ತೊಗಲನ್ನು ಯಾವ ಗಡಿಗೆಯ ಬಾಯಿಗೆ ಕಟ್ಟಿದರೂ ಡಗ್ಗಾ ಆಗುವದೇ? ಆದ್ದರಿಂದ ಅಪರಿಚಿತವಾದ ಹೊಸದನ್ನು ಹುಡುಕುವ ಬದಲು, ಸುಟ್ಟದ್ದನ್ನೇ ರೈಲಿನಲ್ಲಿ ಹುಬ್ಬಳ್ಳಿಗೆ ಒಯ್ದು, ಅದೇ ಅಳತೆಯ ಎಂಟು ಓಮಿನ ಕಾಯಿಲನ್ನೂ ಕೋನನ್ನೂ ಹಾಕಿಸಿ ತರಿಸಿದೆವು. ಎರಡು ಹೊಸ ಸ್ಪೀಕರುಗಳಿಗೆ ಆಗುತ್ತಿದ್ದ ಹಣದ ಕಾಲುಭಾಗವೂ ಆಗಲಿಲ್ಲ.

ಕೂಡಿಸುವಾಗ ಮತ್ತೆ ಸೆಲ್ಲು ಬೇಕಾಯಿತು. ಸೆಲ್ಲಿನ ಧನಾಗ್ರವನ್ನು ಕೆಂಪು ಗುರುತಿಗೆ ಮುಟ್ಟಿಸಿದರೆ ನಾಲ್ಕೂ ಕೋನುಗಳು ಒಂದೇ ಕಡೆಗೆ ಜಿಗಿಯಬೇಕು. ಒಂದು ತಿರುವುಮುರುವಾದರೆ ಉಳಿದವು ನೂಕಿದ ಗಾಳಿಯನ್ನು ಅದು ಹಿಂದಕ್ಕೆ ಸೆಳೆದು ಮಂದ್ರವನ್ನೆಲ್ಲ ನುಂಗುವದು. ಹುಬ್ಬಳ್ಳಿಯಿಂದ ಬಂದದ್ದು ಸರಿಯಾಗಿಯೇ ಹೊರಗೆ ಜಿಗಿಯಿತು. ತಿರುಪುಗಳನ್ನು ಬಿಗಿಯುವ ಮೊದಲು ಹಲಗೆಯ ಒಳಮೈಗೆ ಒಂದು ಚೀಟಿಯನ್ನು ಅಂಟಿಸಿದೆವು: ಎಂಟು ಓಮ್, ಹತ್ತು ಇಂಚು, 60 ವಾಟು, ಎರಡೆರಡರ ಎರಡು ಸರಪಳಿ, ಕೆಳಗೆ ತಂತಿಗಳ ನಕ್ಷೆ.