ಪತ್ತು ಹುಟ್ಟಿದ ಊರಿಗೊಂದು ಪಯಣ

ಗದಗಿಗೆ ಹೋದವರು ಸಾಮಾನ್ಯವಾಗಿ ಎರಡು ದೇವಾಲಯಗಳನ್ನು ನೋಡಿ ಬರುತ್ತಾರೆ. ತ್ರಿಕೂಟೇಶ್ವರನ ಗುಡಿಯ ಕಂಬಗಳ ಕುಸುರಿಗೆ ಕಣ್ಣರಳಿಸುತ್ತಾರೆ. ಕುಮಾರವ್ಯಾಸನು ಒರಗಿ ಕುಳಿತು ಭಾರತವನ್ನು ಬರೆದನೆಂದು ಜನ ನಂಬಿರುವ ವೀರನಾರಾಯಣನ ಗುಡಿಯ ಕಂಬವನ್ನು ಭಕ್ತಿಯಿಂದ ಮುಟ್ಟುತ್ತಾರೆ. ಸಂಜೆಗೆ ಬಿಸಿಬಿಸಿ ಮಿರ್ಚಿಭಜಿಯನ್ನು ತಿಂದು ಗಾಡಿ ಹತ್ತುತ್ತಾರೆ. ನಾನೂ ಅನೇಕ ಸಲ ಹೀಗೆಯೇ ಹೋಗಿ ಬಂದವನು. ಈ ಸಲ ಮಾತ್ರ ಗುಡಿಗಳಿಗೆ ದೂರದಿಂದಲೇ ಕೈಮುಗಿದು ಮೂರನೆಯದೊಂದು ಸ್ಥಳವನ್ನು ಅರಸಿ ಹೋದೆ. ಅದು ಗದಗಿನ ನೆರೆಯ ಕಣಗಿನಹಾಳ. ಕನ್ನಡನಾಡಿನ ಸಹಕಾರ ಚಳವಳಿಯ ಮೊದಲ ಬೀಜ 1905ರಲ್ಲಿ ಬಿದ್ದದ್ದು ಆ ಹಳ್ಳಿಯ ಎರೆಮಣ್ಣಿನಲ್ಲಿ.

ಈ ಪಯಣಕ್ಕೊಂದು ಕಾರಣವಿತ್ತು. ಅದು ನನಗೆ ಹೆಮ್ಮೆ ತರುವಂಥದಲ್ಲ. ಆದರೂ ಹೇಳದೆ ಮುಂದೆ ಹೋಗುವಂತಿಲ್ಲ.

ಎಂಟು ವರ್ಷಗಳ ಹಿಂದೆ ಸ್ನೇಹಿತನೊಬ್ಬನ ಸಾಲಕ್ಕೆ ನಾನು ಜಾಮೀನು ನಿಂತಿದ್ದೆ. ಸಾಲ ಏತಕ್ಕೆ, ತೀರಿಸುವ ದಾರಿ ಯಾವುದು ಎಂದು ಒಂದು ಮಾತನ್ನೂ ಕೇಳಿರಲಿಲ್ಲ. ಕೆಲವೇ ತಿಂಗಳುಗಳಲ್ಲಿ ಅವನು ಕಂತು ಕಟ್ಟುವುದನ್ನು ಬಿಟ್ಟ. ಬಳಿಕ ಊರನ್ನೇ ಬಿಟ್ಟ. ಎರಡು ವರ್ಷ ನನ್ನ ಸಂಬಳದ ಒಂದು ಪಾಲು ಆ ಸಾಲಕ್ಕೆ ಹೋಯಿತು. ಅಂದಿನಿಂದ ಯಾರಿಗೂ ಸಹಿ ಮಾಡಕೂಡದೆಂದು ವ್ರತ ತೊಟ್ಟೆ. ಕಳೆದ ತಿಂಗಳು ಒಡಹುಟ್ಟಿದ ತಮ್ಮ ಬಂದು, ಎಣ್ಣೆಯ ಗಾಣವೊಂದನ್ನು ಹಾಕಬೇಕೆಂದಿರುವುದಾಗಿ ಮಾತು ತೆಗೆದ. ಅವನು ಮುಗಿಸುವ ಮೊದಲೇ “ಜಾಮೀನಿನ ಮಾತ ಬ್ಯಾಡ” ಎಂದುಬಿಟ್ಟೆ. “ಆತು ಬಿಡಣ್ಣಾ” ಎಂದು ಎದ್ದ. ಅವನ ಚಹಾ ಬಟ್ಟಲಿನಲ್ಲಿ ಅರ್ಧ ಹಾಗೆಯೇ ಉಳಿದಿತ್ತು. ಬಟ್ಟಲನ್ನೆತ್ತುತ್ತ ನನ್ನ ಹೆಂಡತಿ ಮೆಲ್ಲಗೆ, “ಇಲ್ಲ ಅಂದದ್ದು ತಪ್ಪಲ್ಲ, ಕೇಳಿ ಇಲ್ಲ ಅನಬೇಕಿತ್ತು” ಎಂದಳು. ಆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ನಟ್ಟಿತು.

ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 60 ಕಿಲೋಮೀಟರ್. ಮಾಗಿಯ ಬೆಳಗಿನಲ್ಲಿ ಈ ದಾರಿಯ ರೈಲುಪ್ರಯಾಣ ಕಣ್ಣಿಗೆ ಹಬ್ಬ. ಅಣ್ಣಿಗೇರಿ ಬಂದಾಗ ಪಂಪನ ನೆನಪಾಗುತ್ತದೆ. ಹುಲಕೋಟಿ ದಾಟಿದರೆ ಗದಗು ಬಂದಂತೆಯೇ. ಇಕ್ಕೆಲಗಳಲ್ಲಿಯೂ ಕಣ್ಣು ಹರಿವಷ್ಟು ದೂರ ಎರೆಭೂಮಿ. ಅದರ ಮೇಲೆ ತೆನೆ ಹೊತ್ತ ಬಿಳಿಜೋಳ, ನೆಲಕ್ಕೆ ಒತ್ತಿ ಬೆಳೆದ ಕಡಲೆ, ಹಳದಿ ಹೂವಿನ ಕುಸುಬೆ. ಗದಗಿನಾಚೆ ಕಪ್ಪತಗುಡ್ಡದ ಸಾಲು. ಅದರ ನೆತ್ತಿಯ ಮೇಲೆ ಇಂದಿನ ಕಾಲದ ಗಾಳಿಯಂತ್ರಗಳು ನಿಧಾನವಾಗಿ ತೋಳು ತಿರುಗಿಸುತ್ತಿರುತ್ತವೆ. ಇದು ಚೆಲುವಾದ ನೆಲ. ಆದರೆ ಮುಗಿಲನ್ನು ನಂಬಿ ಬದುಕಬೇಕಾದ ನೆಲ. ಮಳೆ ಒಂದು ಸಲ ಕೈಕೊಟ್ಟರೆ ರೈತನು ಸಾಲಕ್ಕೆ ಕೈಚಾಚಲೇಬೇಕು.

ಹಿಂದೆ ಹಾಗೆ ಚಾಚಿದ ಕೈ ಹೋಗಿ ಸೇರುತ್ತಿದ್ದುದು ಸಾಹುಕಾರನ ಮನೆಯ ಹೊಸ್ತಿಲನ್ನು. ಅಂದು ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅದೇ ಪ್ರಾಂತದ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ 1875ರಲ್ಲಿ ರೈತರು ದಂಗೆಯೆದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಕಾಗದ ಸುಟ್ಟಿತು, ಸಾಲದ ಅಗತ್ಯ ಸುಡಲಿಲ್ಲ. ಜರ್ಮನಿಯಲ್ಲಿ ರೈಫೈಸನ್ ಎಂಬ ಮಹನೀಯನು ಬಡ ರೈತರನ್ನು ಒಂದುಗೂಡಿಸಿ ಹಳ್ಳಿಗಳಲ್ಲಿ ಸಾಲದ ಸಂಘಗಳನ್ನು ಕಟ್ಟಿದ್ದನು. ಅಂಥ ಸಂಘಗಳನ್ನು ಕುರಿತು ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ನನು ದೊಡ್ಡದೊಂದು ವರದಿ ಬರೆದನು. ಕೊನೆಗೆ 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಂಘವನ್ನು ಸ್ಥಾಪಿಸಿದರು.

ಆ ಕಾಯಿದೆಯಲ್ಲಿ ನನ್ನನ್ನು ಬೆರಗುಗೊಳಿಸಿದ ಅಂಶವೊಂದಿದೆ. ಒಂದೇ ಊರಿನ ಹತ್ತು ಮಂದಿ ವಯಸ್ಕರು ಸೇರಿದರೆ ಸಂಘ ಕಟ್ಟಬಹುದಿತ್ತು. ಆದರೆ ಹಳ್ಳಿಯ ಸಂಘವಾದರೆ ಸದಸ್ಯರ ಹೊಣೆಗಾರಿಕೆ ಸಾಮಾನ್ಯವಾಗಿ ಅಪರಿಮಿತ. ಎಂದರೆ, ಸಂಘ ಮುಳುಗಿದರೆ ತನ್ನ ಪಾಲಿನ ಹಣ ಹೋಯಿತೆಂದು ಯಾರೂ ಕೈತೊಳೆದುಕೊಳ್ಳುವಂತಿರಲಿಲ್ಲ. ಒಬ್ಬನ ಸಾಲಕ್ಕೆ ಎಲ್ಲರೂ, ಎಲ್ಲರ ಸಾಲಕ್ಕೆ ಒಬ್ಬೊಬ್ಬನೂ ತನ್ನ ಹೊಲಮನೆಗಳನ್ನೊಡ್ಡಿ ನಿಲ್ಲಬೇಕು. ಒಬ್ಬ ಸ್ನೇಹಿತನಿಗೆ ಸಹಿ ಹಾಕಿ ಕೈಸುಟ್ಟುಕೊಂಡ ನಾನು ಇದನ್ನೋದಿ ನಡುಗಿದ್ದೆ. ಇಷ್ಟು ಧೈರ್ಯ ಆ ರೈತರಿಗೆ ಎಲ್ಲಿಂದ ಬಂದಿತು?

ಕಣಗಿನಹಾಳದಲ್ಲಿ ಬಸ್ಸಿಳಿದು ನಡೆದೆ. ಜೋಳದ ರೊಟ್ಟಿ ಬಡಿಯುವ ಸಪ್ಪಳ ಮನೆಮನೆಯಿಂದ ಕೇಳುತ್ತಿತ್ತು. ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ವೃದ್ಧರೊಬ್ಬರು, “ಯಾವ ಊರಿಂದ ಬಂದ್ರಿ? ಬರ್ರಿ, ಕುಂಡ್ರಿ” ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ನಾನು ಯಾರೆಂದು ಕೇಳುವ ಮೊದಲೇ ಜಾಗ ಕೊಟ್ಟದ್ದನ್ನು ಗಮನಿಸಿದೆ. ಸಂಘದ ಕಥೆಯನ್ನು ಅವರು ತಮ್ಮ ಮನೆತನದ ಕಥೆಯೆಂಬಂತೆ ಹೇಳಿದರು. ನನ್ನ ಸಂದೇಹವನ್ನು ಮುಂದಿಟ್ಟೆ: “ಅಲ್ರಿ ಅಜ್ಜಾರ, ಇನ್ನೊಬ್ಬರ ಸಾಲಕ್ಕ ತಮ್ಮ ಹೊಲಾ ಒಡ್ಡಾಕ ಮಂದಿಗೆ ಅಂಜಿಕಿ ಆಗಲಿಲ್ಲೇನ್ರಿ?”

ಅಜ್ಜ ನಕ್ಕರು. “ಅಂಜಿಕಿ ಇದ್ದದ್ದಕ್ಕ ಛಲೋ ಆತ್ರಿ ಸರ. ನಂಬಿಗಿ ಅಂದ್ರ ಕಣ್ಣ ಮುಚ್ಚೂದಲ್ರಿ, ಕಣ್ಣ ತಗದ ನೋಡೂದು. ಅಂವಾ ಎತ್ತಿಗೆ ಮೇವ ಹಾಕ್ಯಾನೋ ಇಲ್ಲೋ, ಹೊಲಾ ಹರಗ್ಯಾನೋ ಇಲ್ಲೋ, ಊರಾಗಿನ ಮಂದಿಗೆ ಕಾಣ್ತದ. ರೊಕ್ಕ ಯಾತಕ್ಕ ಅಂತ ಕೇಳಿ ಕೊಡೋದು. ಮಳಿ ಹೋಗಿ ಬೆಳಿ ಕೆಟ್ರ ಅಂವಾ ಕೆಟ್ಟಾಂವಲ್ರಿ. ಮುಂದಿನ ಸುಗ್ಗಿಗೆ ಕೊಡ್ತಾನ. ಮಳಿ ಆಗಿ, ಬೆಳಿ ಬಂದು, ಮಾರಿ ಮರಿಸಿದ್ರ ಮಾತ್ರ ಕೇಳಬೇಕಾಗ್ತದ.”

ನಾನು ಸುಮ್ಮನಾದೆ. ಕನ್ನಡದ ಅಧ್ಯಾಪಕನಾದ ನನಗೆ ಆ ಕ್ಷಣದಲ್ಲಿ ಒಂದು ಶಬ್ದ ಹೊಸದಾಗಿ ಹೊಳೆಯಿತು. ಹಳ್ಳಿಹಳ್ಳಿಗಳ ಫಲಕಗಳಲ್ಲಿ ‘ಕೃಷಿ ಪತ್ತಿನ ಸಹಕಾರ ಸಂಘ’ ಎಂದು ಓದುತ್ತೇವೆ. ಪತ್ತೆಂದರೆ ಸಾಲವೆಂದು ತಿಳಿದು ಮುಂದೆ ಹೋಗುತ್ತೇವೆ. ಮರಾಠಿಯಲ್ಲಿ ‘ಪತ’ ಎಂದರೆ ಮನುಷ್ಯನ ಮಾತಿಗೆ ನಾಲ್ಕು ಜನರಲ್ಲಿರುವ ಬೆಲೆ, ನಂಬಿಕೆ. ಇಂಗ್ಲಿಷಿನ ‘ಕ್ರೆಡಿಟ್’ ಶಬ್ದದ ಬೇರಿನಲ್ಲಿಯೂ ‘ನಂಬು’ ಎಂಬ ಲ್ಯಾಟಿನ್ ಕ್ರಿಯಾಪದವೇ ಇದೆ. ನಮ್ಮ ‘ಋಣ’ವನ್ನಾದರೂ ನೋಡಿರಿ: ಸಾಲಕ್ಕೂ ಅದೇ ಮಾತು, ಜನ್ಮಾಂತರದ ನಂಟನ್ನು ಹೇಳುವ ಋಣಾನುಬಂಧಕ್ಕೂ ಅದೇ ಮಾತು. ಕೊಡುಕೊಳ್ಳುವಿಕೆಯಿಲ್ಲದ ಸಂಬಂಧವನ್ನು ನಮ್ಮ ಹಿರಿಯರು ಕಲ್ಪಿಸಿಕೊಳ್ಳಲೇ ಇಲ್ಲವೆಂದು ತೋರುತ್ತದೆ.

ಸಂಜೆಯ ಗಾಡಿಗೆ ಇನ್ನೂ ಹೊತ್ತಿತ್ತು. ಗದಗಿಗೆ ಮರಳಿ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಅಜ್ಜನ ಮಾತನ್ನೇ ಮೆಲುಕು ಹಾಕಿದೆ. ಸ್ನೇಹಿತನನ್ನು ನಾನು ನಂಬಿದೆನೆಂದು ಇಷ್ಟು ವರ್ಷ ಹೇಳಿಕೊಳ್ಳುತ್ತ ಬಂದಿದ್ದೆ. ಅದು ನಿಜವೇ? ಪ್ರಶ್ನೆ ಕೇಳಿದರೆ ಅವನಿಗೆ ಬೇಸರವಾದೀತು, ನನ್ನ ದೊಡ್ಡತನಕ್ಕೆ ಕುಂದಾದೀತು ಎಂದು ಸಹಿ ಮಾಡಿದ್ದೆ. ಅದು ನಂಬಿಕೆಯಲ್ಲ, ಒಳ್ಳೆಯವನೆನಿಸಿಕೊಳ್ಳುವ ಆಸೆ. ತಮ್ಮನನ್ನೂ ಒಂದು ಪ್ರಶ್ನೆ ಕೇಳಲಿಲ್ಲ. ಅದು ವಿವೇಕವಲ್ಲ, ಭಯ. ಎರಡು ಸಲವೂ ಎದುರಿಗಿದ್ದ ಮನುಷ್ಯನನ್ನು ನಾನು ನೋಡಿಯೇ ಇರಲಿಲ್ಲ.

ಇನ್ನೂ ಒಂದು ಮಾತಿದೆ. ಆ ಸಾಲ ತೀರಿ ಆರು ವರ್ಷವಾದರೂ, “ನೀನು ಮೋಸಹೋಗುವವನು, ನಿನಗೆ ಮನುಷ್ಯರು ತಿಳಿಯುವುದಿಲ್ಲ” ಎಂದು ನನಗೆ ನಾನೇ ಬಡ್ಡಿ ವಿಧಿಸುತ್ತಲೇ ಇದ್ದೆ. ಯಾವ ಸಾಹುಕಾರನೂ ಇಷ್ಟು ಕಠಿಣನಾಗಿರಲಾರ! ಬೆಳೆ ಕೆಟ್ಟ ರೈತನಿಗೆ ಮುಂದಿನ ಸುಗ್ಗಿಯವರೆಗೆ ಅವಕಾಶವಿದೆಯೆಂದಾದರೆ, ಒಂದು ಸಲ ತಪ್ಪಿದ ನನ್ನ ತೀರ್ಮಾನಶಕ್ತಿಗೆ ಮತ್ತೊಂದು ಸುಗ್ಗಿ ಇರಬಾರದೇಕೆ? ತನ್ನಲ್ಲಿಯೇ ತನಗೆ ಪತ್ತಿಲ್ಲದವನು ಇತರರಿಗೆ ಪತ್ತನ್ನು ಎಲ್ಲಿಂದ ತಂದು ಕೊಟ್ಟಾನು?

ಅಲ್ಲಿಂದಲೇ ತಮ್ಮನಿಗೆ ಫೋನು ಮಾಡಿದೆ. “ಆಯಿತವಾರ ಮನಿಗೆ ಬಾ. ಗಾಣಕ್ಕ ಎಷ್ಟು ಬೀಳ್ತದ, ಕುಸುಬಿ ಎಲ್ಲಿಂದ ತರ್ತಿ, ಕಂತು ಹೆಂಗ ಕಟ್ತಿ, ಎಲ್ಲಾ ಬರಕೊಂಡು ಬಾ. ಸಹಿ ಮಾಡ್ತೀನಿ ಅಂತ ಈಗ ಹೇಳಂಗಿಲ್ಲ. ಕೂತು ನೋಡೂಣು. ಅವತ್ತ ನಾ ನಿನ್ನ ಮಾತ ಪೂರಾ ಕೇಳಬೇಕಿತ್ತು.”

ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ, “ಬರ್ತೀನಣ್ಣಾ. ವೈನಿಗೆ ಚಹಾ ಮಾಡಾಕ ಹೇಳು” ಎಂದ.

ಗದಗಿಗೆ ಹೋಗುವ ವಾಚಕರು ಗುಡಿಗಳನ್ನು ಅವಶ್ಯವಾಗಿ ನೋಡಬೇಕು. ಸಮಯವಿದ್ದರೆ ಕಣಗಿನಹಾಳಕ್ಕೂ ಹೋಗಿಬನ್ನಿ. ಅಲ್ಲಿ ಶಿಲ್ಪದ ಬೆಡಗನ್ನು ಹುಡುಕಬೇಡಿ; ಕಟ್ಟೆಯ ಮೇಲೆ ಯಾರಾದರೂ ಹಿರಿಯರು ಕುಳಿತಿದ್ದರೆ, ಕರೆದಾಗ ಕುಳಿತುಕೊಳ್ಳಿ.