ಕ್ಲಾಸಿನಲ್ಲಿ ಒಬ್ಬರೇ ಉಂಡ ಟೀಚರ್

ಕಾಸರಗೋಡಿನ ಕನ್ನಡ ಮಾಧ್ಯಮದ ಅಧ್ಯಾಪಕರು ನಾವು. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿದಂದಿನಿಂದ ಕನ್ನಡಕ್ಕೆ ಅನ್ಯಾಯವಾಗಿದೆ ಎಂದು ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಆದರೆ ಸ್ಟಾಫ್ ರೂಮಿನೊಳಗೆ ನಾವೇ ಮಾಡುವ ಅನ್ಯಾಯದ ಮಾತನ್ನು ಯಾರೂ ಎತ್ತುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಹೊಸ ಟೀಚರ್ ಒಬ್ಬರು ಬಂದರು. ಮಕ್ಕಳಿಗೆ ಅಚ್ಚುಮೆಚ್ಚು. ಅದೇ ತಪ್ಪಾಯಿತೋ ಏನೋ! ಹಿರಿಯರೊಬ್ಬರು ಅವರ ಮಾತಿನ ಧಾಟಿಯನ್ನು ಅಣಕಿಸಿದರು, ನಾವು ನಕ್ಕೆವು. ರಜೆ ಹಾಕಿದವರ ಪೀರಿಯಡೆಲ್ಲ ಅವರ ತಲೆಗೇ ಬಿತ್ತು. ನಮಗೆ ಬಿಡುವು ಸಿಕ್ಕಿತಲ್ಲ, ಸುಮ್ಮನಿದ್ದೆವು. ಮೀಟಿಂಗಿನ ವಿಷಯ ಅವರೊಬ್ಬರಿಗೆ ಮಾತ್ರ ತಿಳಿಯುತ್ತಿರಲಿಲ್ಲ. ಕ್ರಮೇಣ ಅವರು ಬುತ್ತಿಯನ್ನು ಕ್ಲಾಸಿನಲ್ಲೇ ಬಿಚ್ಚತೊಡಗಿದರು. "ಟೀಚರ್ ನಿಮ್ಮೊಟ್ಟಿಗೆ ಯಾಕೆ ಊಟ ಮಾಡುವುದಿಲ್ಲ?" ಎಂದು ಐದನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಮರುವರ್ಷ ಅವರು ವರ್ಗ ಮಾಡಿಸಿಕೊಂಡು ಹೋದರು. ಕನ್ನಡ ಬಲ್ಲ ದಿನಗೂಲಿ ಅಧ್ಯಾಪಕರು ಸಿಗಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಕೆಲವು ಹೆತ್ತವರು ಮಕ್ಕಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕುವ ಮನಸ್ಸು ಮಾಡಿಬಿಟ್ಟರು.

ಕೇರಳದಲ್ಲಿ ಶಾಲೆ ತೆರೆದ ಆರನೇ ದಿನದ ಮಕ್ಕಳ ಲೆಕ್ಕ ನೋಡಿ ಡಿವಿಜನ್, ಹುದ್ದೆ ನಿರ್ಧಾರವಾಗುತ್ತದೆ. ಈ ಬಾರಿ ಯಾರ ಹುದ್ದೆ ಹೋಗುವುದೋ ಎಂಬ ಹೆದರಿಕೆ ನಮ್ಮೆಲ್ಲರಿಗೂ ಇದೆ. ಹೊಸಬರ ಮೇಲೆ ಹರಿಹಾಯ್ದದ್ದು ಆ ಹೆದರಿಕೆಯೇ ಇರಬಹುದು. ಆದರೆ ಮುಂದಿನ ಜೂನಿನಲ್ಲಿ ಲೆಕ್ಕ ಇಳಿದದ್ದು ಸರಕಾರದಿಂದಲ್ಲ, ನಮ್ಮಿಂದ.

ಅಣಕಿಸಿದವರು ಒಬ್ಬರೇ. ನಕ್ಕವರು ನಾವೆಲ್ಲ.

ಈಗ ಹೊಸಬರು ಬಂದರೆ ಮೊದಲ ದಿನವೇ ಊಟಕ್ಕೆ ಕರೆಯುತ್ತೇವೆ. ನಿಮ್ಮ ಶಾಲೆಯಲ್ಲಿ ಯಾರಾದರೂ ಕ್ಲಾಸಿನಲ್ಲಿ ಒಬ್ಬರೇ ಉಣ್ಣುತ್ತಿದ್ದಾರೆಯೇ? ನಾಳೆ ಮಧ್ಯಾಹ್ನ ಒಮ್ಮೆ ನೋಡಿ ಬನ್ನಿ.