ಕಾಕಾನ ಪದ್ಮಿನಿ, ಮಿಸ್ತ್ರಿಯ ತೀರ್ಪು

ಆ ವರ್ಷ ಬಾದಾಮಿ ಬನಶಂಕರಿ ಜಾತ್ರೆಗೆ ಬಸ್ಸಿನಾಗ ಬರೂದಿಲ್ಲ, ಕಾರಿನಾಗ ಒಯ್ಯಿರಿ ಅಂತ ಆಯಿ ಹಟ ಹಿಡಿದಳು. ಜಾತ್ರೆ ನಡೆಯುವ ಬನದ ಹುಣ್ಣಿವೆ ಬರುವುದು ಪುಷ್ಯ ಮಾಸದ ಚಳಿಯಲ್ಲಿ. ಆಕೆಯ ವಯಸ್ಸಿಗೆ ಅದು ನ್ಯಾಯವೇ. ಕಾರು ಅಂದರೆ ಅಜ್ಜ ಕೊಂಡಿದ್ದ ಪ್ರೀಮಿಯರ್ ಪದ್ಮಿನಿ. ಹನುಮಸಾಗರದ ನಮ್ಮ ಮನೆಯ ಮುಂದೆ ಬೇವಿನ ನೆರಳಿಗೆ ನಿಂತಿರುತ್ತಿತ್ತು. ಎಂಜಿನ್ ಗಟ್ಟಿ, ಸ್ಟಿಯರಿಂಗ್ ಪಕ್ಕದ ಗೇರೂ ಸರಾಗ. ತೊಂದರೆ ಇದ್ದದ್ದು ಹಿಂದೆ. ಕುಷ್ಟಗಿ ರಸ್ತೆಯಲ್ಲಿ ಒಂದು ತಗ್ಗು ದಾಟಿದರೆ ಮುಂದಿನ ತಗ್ಗು ಬರುವ ತನಕ ಹಿಂದಿನ ಸೀಟು ಏರಿಳಿಯುತ್ತಲೇ ಇರುತ್ತಿತ್ತು.

ಕಾಕಾನ ಮಗ ಆಗ ತಾನೆ ಡಿಪ್ಲೊಮಾ ಮುಗಿಸಿದ್ದ. "ಅಪ್ಪಾ, ನಾಕೂ ಶಾಕಪ್ ಹೊಸಾವ ಹಾಕಿಬಿಡೂಣು" ಅಂದ. ಕಾಕಾನಿಗೆ ಅದು ಹಿಡಿಸಲಿಲ್ಲ. "ನಿಮ್ಮಜ್ಜ ತಂದ ಗಾಡಿ. ಒಂದೊಂದ ತಗದು ಒಗಕೋಂತ ಹೋದ್ರ ಕಡೀಕೆ ಅವಂದು ಅನ್ನೂದು ಏನ ಉಳೀತದ?" ಈ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಇವತ್ತಿಗೂ ಹೇಳಲಾರೆ. ಆದರೆ ಹಿಂದೆ ಕೂರುವವಳು ಆಯಿ.

ಇಬ್ಬರೂ ಜಗಳಾಡುತ್ತಲೇ ಗ್ಯಾರೇಜಿಗೆ ಹೋದರು, ನಾನೂ ಬೆನ್ನು ಹತ್ತಿದೆ. ಮಿಸ್ತ್ರಿಗೆ ಫಿಯೆಟ್ ಅಂದರೆ ಪ್ರಾಣ. 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಶುರುವಾಗಿ, ಎಪ್ಪತ್ತರ ದಶಕದಲ್ಲಿ ಪದ್ಮಿನಿ ಅಂತ ಹೆಸರು ಪಡೆದ ಗಾಡಿ ಅದು. ಆತ ಮೊದಲು ಯಾವ ಪಾನಾವನ್ನೂ ಮುಟ್ಟಲಿಲ್ಲ. ಮುಂದಿನ ಮೂಲೆಗೆ ಎರಡೂ ಕೈ ಊರಿ, ಮೈಭಾರ ಬಿಟ್ಟು ಒತ್ತಿ, ತಟ್ಟನೆ ಕೈ ತೆಗೆದ. ಕಾರು ಒಮ್ಮೆ ಮೇಲೆದ್ದು ತನ್ನ ಜಾಗಕ್ಕೆ ಬಂದು ನಿಂತಿತು. ಹಿಂದೆ ಹೋಗಿ ಹಾಗೇ ಮಾಡಿದ. ಅದು ತೊಟ್ಟಿಲು ತೂಗಿದ ಹಾಗೆ ತೂಗುತ್ತಲೇ ಇತ್ತು. ಆಮೇಲೆ ಹಿಂದಿನ ಟೈರಿನ ಮೇಲೆ ಅಂಗೈ ಆಡಿಸಿ ನನ್ನ ಕೈಯನ್ನೂ ಹಿಡಿದು ಇಟ್ಟ. ಒಂದು ಕಡೆ ಉಬ್ಬು, ಒಂದು ಕಡೆ ಸವಕಲು. ಗಾಲಿ ನೆಲವನ್ನು ಬಿಟ್ಟು ಬಿಟ್ಟು ಓಡಿದ್ದರ ಗುರುತು ಅದು.

"ಭಾರ ಹೊರೂದು ಪಾಟಾ, ಸಾವಕಾರ್ರ. ಕುಣಿಯೂದನ್ನ ಹಿಡಿಯೂದು ಶಾಕಪ್" ಅಂದ. ಪಾಟಾ ಅಂದರೆ ಪಟ್ಟಿ ಸ್ಪ್ರಿಂಗು. ಶಾಕಪ್ಪಿನ ಒಳಗೆ ಎಣ್ಣೆ ಇರುತ್ತದೆ, ಸಣ್ಣ ತೂತಿನ ವಾಲ್ವಿನಲ್ಲಿ ಆ ಎಣ್ಣೆ ನುಸುಳಿ ಹೋಗಬೇಕು, ಆ ತ್ರಾಸಿನಲ್ಲೇ ಕುಣಿತ ಬಿಸಿಯಾಗಿ ಕರಗುತ್ತದೆ ಅಂತ ಬಿಡಿಸಿ ಹೇಳಿದ. ಎಣ್ಣೆ ಸೋರಿದರೆ ಉಳಿಯುವುದು ಬರೀ ಕೊಳವೆ.

ನಾಲ್ಕನ್ನೂ ಬಿಚ್ಚಿ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟ. ಹಿಂದಿನ ಜೋಡಿಗೆ ಎರೆ ಮಣ್ಣಿನ ಧೂಳು ಎಣ್ಣೆಯಲ್ಲಿ ಕಲಸಿ ಹೆಪ್ಪುಗಟ್ಟಿತ್ತು. ಸ್ಕ್ರೂ ಡ್ರೈವರಿನಿಂದ ಕೆರೆದರೆ ಕರೀ ಹಲ್ಲೆ ಹಲ್ಲೆಯಾಗಿ ಉದುರಿತು. ರಾಡನ್ನು ಹೊರಗೆಳೆದು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದ. ಹೊಳಪಿನ ಮೇಲೆ ತುಕ್ಕಿನ ಸಣ್ಣ ಚುಕ್ಕಿಗಳು, ಉಗುರಿಗೆ ತಾಕುವಷ್ಟು ಆಳ. "ಇದು ಪ್ರತಿ ಸಲ ಮ್ಯಾಲ ಕೆಳಗ ಆದಾಗ ಸೀಲ್ ಕೊಯ್ತದ. ಹೊಸ ಸೀಲ್ ಹಾಕಿದ್ರೂ ಅಷ್ಟ." ದಪ್ಪ ಎಣ್ಣೆ ತುಂಬಿಸಿ ವೆಲ್ಡ್ ಮಾಡಿ ಕೊಡುವವರು ಇದ್ದಾರಲ್ಲ ಅಂತ ಕಾಕಾ ಕೇಳಿದ. ಮಿಸ್ತ್ರಿ ತಲೆ ಅಲ್ಲಾಡಿಸಿದ. ವಾಲ್ವನ್ನು ಅಳತೆ ಮಾಡಿದ್ದು ತೆಳು ಎಣ್ಣೆಗೆ. ದಪ್ಪ ಎಣ್ಣೆ ಹಾಕಿದರೆ ಶಾಕಪ್ ಬಿಗಿಯುತ್ತದೆ, ತಗ್ಗಿನ ಪೆಟ್ಟು ನೇರ ಆಯಿಯ ಬೆನ್ನಿಗೆ ಬೀಳುತ್ತದೆ.

ಮುಂದಿನವನ್ನು ನಿಲ್ಲಿಸಿ ಹಿಡಿದು ನಿಧಾನವಾಗಿ ಎಳೆದ, ಒತ್ತಿದ. ಮಲಗಿಸಿ ಇಟ್ಟದ್ದರಿಂದ ಒಳಗೆ ಗಾಳಿ ಸೇರಿರುತ್ತದೆ, ಕೆಲವು ಸಲ ಎಳೆದ ಮೇಲೇ ನಿಜ ತಿಳಿಯುತ್ತದೆ ಅಂದ. ಆಮೇಲೆ ನನ್ನ ಕೈಗೆ ಕೊಟ್ಟ. ಎಳೆಯುವಾಗ ಬಿಗಿ, ಒತ್ತುವಾಗ ತುಸು ಸಡಿಲು, ಉದ್ದಕ್ಕೂ ಒಂದೇ ಹದ, ನಡುವೆ ಎಲ್ಲೂ ಪೊಳ್ಳಿಲ್ಲ. ರಾಡಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಸೀಲಿನ ಸುತ್ತ ತೆಳ್ಳಗೆ ಎಣ್ಣೆ ಬೆವರಿತ್ತು, ಅಷ್ಟೇ. ಅದು ಸೋರಿಕೆ ಅಲ್ಲ. ಸೀಳಿದ್ದು ರಬ್ಬರ್ ಬುಶ್ ಮಾತ್ರ.

ಕಾಕಾ ಬಹಳ ಹೊತ್ತು ಕೂತು ನೋಡಿದ. ಕೊನೆಗೆ "ಹಿಂದಿನ ಜೋಡಿ ಹೊಸಾದು ತರಸು. ಮುಂದಿನವಕ್ಕ ಬುಶ್ ಅಷ್ಟ ಹಾಕು" ಅಂದ. ಎಡಬಲ ಎರಡೂ ಸಮ ಇರಬೇಕು, ಒಂದನ್ನೇ ಬದಲಿಸಿದರೆ ಕಾರು ತಿರುವಿನಲ್ಲಿ ಒಂದೇ ನಮೂನೆ ನಡೆಯುವುದಿಲ್ಲ. ಅದಕ್ಕೇ ಜೋಡಿ. ಕಾಕಾನ ಮಗನೂ ಒಪ್ಪಿದ. ಚೆನ್ನಾಗಿ ಕೆಲಸ ಮಾಡುವ ಸಾಮಾನನ್ನು ವಯಸ್ಸಾಯಿತು ಅಂತ ಎಸೆಯುವುದು, ಸತ್ತದ್ದನ್ನು ಅಜ್ಜನದು ಅಂತ ಇಟ್ಟುಕೊಳ್ಳುವುದು, ಎರಡೂ ಆ ಗಾಡಿಗೆ ಮಾಡುವ ಅನ್ಯಾಯ ಅಂತ ನನಗೆ ಅಂದೇ ಅನಿಸಿತ್ತು.

ಪದ್ಮಿನಿಯ ತಯಾರಿಕೆ ನಿಂತು ವರ್ಷಗಳೇ ಕಳೆದಿದ್ದರೂ ಸಾಮಾನಿಗೆ ಬರ ಇರಲಿಲ್ಲ. ಮುಂಬೈಯಲ್ಲಿ ಈ ಗಾಡಿಯ ಕರಿ-ಹಳದಿ ಟ್ಯಾಕ್ಸಿಗಳು 2023ರವರೆಗೂ ಓಡಿದವಲ್ಲ. ಹೊಸ ಜೋಡಿ ಅಲ್ಲಿಂದಲೇ ಬಂತು. ಮಿಸ್ತ್ರಿ ಕೂಡಿಸುವಾಗ ನಟ್ಟುಗಳನ್ನು ಪೂರ್ತಿ ಬಿಗಿಯಲಿಲ್ಲ. ಜಾಕ್ ಇಳಿಸಿ, ಗಾಲಿ ನೆಲಕ್ಕೆ ತಾಗಿ, ಕಾರಿನ ಭಾರ ಬಿದ್ದ ಮೇಲೆ ಕೆಳಗೆ ತೂರಿ ಬಿಗಿದ. ಎತ್ತಿದಲ್ಲೇ ಬಿಗಿದರೆ ಬುಶ್ ತಿರುಚಿಕೊಂಡು ಬೇಗ ಹರಿಯುತ್ತದಂತೆ.

ಗಜೇಂದ್ರಗಡದ ಮೇಲೆ ಹಾದು ಬಾದಾಮಿಗೆ ಹೋದೆವು. ಆಯಿ ದಾರಿಯಲ್ಲಿ ನಿದ್ದೆ ಮಾಡಿದಳು. ತಿರುಗಿ ಬಂದ ಮರುದಿನ ಕಾಕಾ ಕಾರನ್ನು ಮತ್ತೆ ಗ್ಯಾರೇಜಿಗೆ ಒಯ್ದು, ಹೊಸ ಬುಶ್ ಕೂತ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿಕೊಂಡು ಬಂದ.